ಕೆಂಪು ಕೋಟಿಗೊಂದು ತುತ್ತು

ಧಾರವಾಡದ ದೊಡ್ಡ ಮನುಷ್ಯರನ್ನು ಉಡಚವ್ವ ಮುಖದಿಂದ ಗುರುತಿಸುತ್ತಿರಲಿಲ್ಲ, ಅರಿವೆಯಿಂದ ಗುರುತಿಸುತ್ತಿದ್ದಳು. ಕೋರ್ಟಿನ ವಕೀಲರೊಬ್ಬರು ಎದುರಿಗೆ ಬಂದರೆ, ಇವರ ಧೋತರ ನಾಲ್ಕು ಒಗೆತಕ್ಕೆ ಜಾಳಾಗುತ್ತದೆ, ಒಳಪದರಿಗಷ್ಟೇ ಲಾಯಕ್ಕು ಎಂದುಕೊಳ್ಳುವಳು. ಮಾಳಮಡ್ಡಿಯ ದೊಡ್ಡ ಮನೆಯ ಯಾರೋ ಬಾಯಿಯವರು ಮೂಗು ಮೇಲೆ ಮಾಡಿಕೊಂಡು ದಾಟಿಹೋದರೆ, ಆ ಮೂಗಿನ ಒಡತಿಯ ಇಳಕಲ್ ಸೀರೆಗೆ ಎಲ್ಲೆಲ್ಲಿ ತೇಪೆ ಬಿದ್ದಿದೆ ಎಂಬುದು ಇವಳ ಕಣ್ಣಿಗೆ ಕಟ್ಟಿದಂತಿರುತ್ತಿತ್ತು. ಊರಿನ ದೌಲತ್ತೆಲ್ಲ ಹರಿದು ಹಳತಾದ ಮೇಲೆ ತನ್ನ ಗಂಟಿಗೇ ಬಂದು ಬೀಳಬೇಕು ತಾನೆ? ಹಾಗಾಗಿ ಯಾರ ದಿಮಾಕಿಗೂ ಆಕೆ ಸೊಪ್ಪು ಹಾಕುತ್ತಿರಲಿಲ್ಲ.

ಉಡಚವ್ವನ ಕಸುಬು ಕೌದಿ ಹೊಲಿಯುವುದು. ಮನೆಮನೆಯ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿ ದಾರದಿಂದ ಸಾಲು ಹಿಡಿದು ಹೊಲಿಯುತ್ತ ಹೋದರೆ ಕೌದಿಯಾಗುತ್ತದೆ. ಕರೆದವರ ಮನೆಯ ಹೊರಗಟ್ಟೆಯ ಮೇಲೆ ಕೂತು ಆಕೆ ಹೊಲಿಯುವಳು. ಒಳಗಿನ ನೀರಿನ ಕೊಡವನ್ನು ಆಕೆ ಮುಟ್ಟುವಂತಿರಲಿಲ್ಲ. ಆಕೆಯ ಬೆರಳು ಇಂಚಿಂಚೂ ಆಡಿದ ಕೌದಿಯನ್ನು ಮಾತ್ರ ಒಳಗಿನವರೆಲ್ಲ ಮೂಗಿನವರೆಗೆ ಎಳೆದುಕೊಂಡು ಮಲಗುತ್ತಿದ್ದರು. ಇದನ್ನು ನೆನೆದು ಆಕೆ ಎಷ್ಟೋ ಸಲ ಒಬ್ಬಳೇ ನಕ್ಕಿದ್ದುಂಟು.

ಈ ಕೆಲಸದಲ್ಲಿ ಆಕೆಯದೊಂದು ಹಟವಿತ್ತು. ಹೆಬ್ಬಳ್ಳಿಯ ತವರಿನಲ್ಲಿ ಅವ್ವನಿಂದ ಕಲಿತದ್ದು. ಕೌದಿಯೆಲ್ಲ ಮುಗಿದರೂ ಒಂದು ಮೂಲೆಯನ್ನು ಹೊಲಿಯದೆ ಬಿಡುವಳು. ಮನೆಯವರು ಅಂದು ಮಾಡಿದ ಅಡುಗೆಯಲ್ಲಿ ಒಂದು ಚೂರನ್ನು, ಹೋಳಿಗೆಯಾದರೆ ಛಲೋ, ಇಲ್ಲದಿದ್ದರೆ ರೊಟ್ಟಿ, ಆ ಮೂಲೆಯೊಳಗಿಟ್ಟು ಆಮೇಲೆ ಬಾಯಿ ಮುಚ್ಚಿ ಗಂಟು ಹಾಕುವಳು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂಬುದು ಆಕೆಯ ಮಾತು. ತುತ್ತು ಕೊಡಲು ಹಿಂದೆಮುಂದೆ ನೋಡಿದವರ ಕಟ್ಟೆಯ ಮೇಲೆ ಸೂಜಿ ಚುಚ್ಚಿಟ್ಟು ಸುಮ್ಮನೆ ಕೂತುಬಿಡುವಳು. ಎಂಥ ಜುಗ್ಗರೂ ಸಂಜೆಯ ಹೊತ್ತಿಗೆ ಸೋಲುತ್ತಿದ್ದರು.

ಆಕೆಯ ಗಂಡ ಗಿರಿಯಪ್ಪ ಸಾಹೇಬರ ಕಾಲದಲ್ಲಿ ಕಲೆಕ್ಟರ್ ಕಚೇರಿಯ ಪಟ್ಟೇವಾಲಾ ಆಗಿದ್ದ. ಕೆಂಪು ಬನಾತಿನ ಉಣ್ಣೆಕೋಟು, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ದಾರಿಯಲ್ಲಿ ನಡೆದರೆ ಹುಡುಗರು ಸಲಾಮು ಹೊಡೆಯುವಂಥ ದಿರಿಸು. ಆದರೆ ಪಟ್ಟೇವಾಲಾನ ಕೆಲಸವೆಂದರೆ ನಿಲ್ಲುವುದು. ಸಾಹೇಬ ಬಂದರೆ ನಿಲ್ಲಬೇಕು, ಹೋದರೆ ನಿಲ್ಲಬೇಕು, ಒಳಗೆ ಉಣ್ಣುತ್ತ ಕೂತರೆ ಬಾಗಿಲಲ್ಲಿ ನಿಲ್ಲಬೇಕು. ಕೋಟಿಗೆ ಕಲೆ ಬಿದ್ದೀತೆಂಬ ಅಂಜಿಕೆಗೆ ಗಿರಿಯಪ್ಪ ಅದನ್ನು ತೊಟ್ಟು ಒಂದು ತುತ್ತೂ ತಿನ್ನುತ್ತಿರಲಿಲ್ಲ. ಉಡಚವ್ವ ಬೆಳಿಗ್ಗೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಎಷ್ಟೋ ದಿನ ಸಂಜೆಗೆ ಹಾಗೆಯೇ ಮರಳಿ ಬರುತ್ತಿತ್ತು. ಗಂಡ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ ಮೇಲೆಯೇ ಆ ಮನೆಯಲ್ಲಿ ತಾಟು ಇಡುವುದು.

ಸ್ವರಾಜ್ಯ ಬಂತು, ಪಟ್ಟೇವಾಲಾರಿಗೆ ಬೇರೆ ದಿರಿಸು ಬಂತು. ಗಿರಿಯಪ್ಪ ಅದನ್ನು ಬಹಳ ದಿನ ತೊಡಲಿಲ್ಲ. ಒಂದು ಜ್ವರದಲ್ಲಿ ಹೋಗಿಬಿಟ್ಟ. ಉಳಿದದ್ದು ಕೆಂಪು ಕೋಟು. ಊರವರ ಬಟ್ಟೆಯನ್ನು ಕಣ್ಣು ಮಿಟುಕಿಸದೆ ತುಂಡು ಮಾಡುತ್ತಿದ್ದ ಉಡಚವ್ವನ ಕೈ ಅದರ ಮೇಲೆ ಏಳಲಿಲ್ಲ. ಹೊಲಿಗೆ ಬಿಚ್ಚಿ, ಕತ್ತರಿಸದೆ, ಹಾಗೆಯೇ ಅಗಲವಾಗಿ ಹರಡಿ ತನ್ನ ಹೊದಿಕೆಯ ಕೌದಿಯ ನಡುವೆ ಇಟ್ಟು ಹೊಲಿದಳು. ಸೂತಕದ ಮನೆಯಲ್ಲಿ ಹೋಳಿಗೆ ಎಲ್ಲಿಂದ ಬರಬೇಕು? ಆ ಕೌದಿಯ ಮೂಲೆಗೆ ಬಿದ್ದದ್ದು ಒಣರೊಟ್ಟಿಯ ಚೂರು. ಅದೊಂದು ಕೊರಗು ಆಕೆಯ ಮನಸ್ಸಿನಲ್ಲಿ ಮುಳ್ಳು ಮುರಿದಂತೆ ಉಳಿದಿತ್ತು.

ಮಗ ಹನುಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ, ಹೆಂಡತಿಯೊಡನೆ ಅಲ್ಲಿಯೇ ಮನೆ ಮಾಡಿದ್ದ. ಅವನ ಮಗಳು ಮುತ್ತಿ ಮಾತ್ರ ಧಾರವಾಡದಲ್ಲಿ ಅಜ್ಜಿಯ ಹತ್ತಿರ ಇದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೆಯ ಇಯತ್ತೆ ಓದುತ್ತಿದ್ದಳು. ಮೊಮ್ಮಗಳ ಬಾಯಲ್ಲಿ ಉಡಚವ್ವ ‘ಆಯಿ’. ಹುಡುಗಿ ಹೆಸರಿಗೆ ಮುತ್ತವ್ವ, ಗುಣದಲ್ಲಿ ಮೆಣಸಿನಕಾಯಿ. ಕಂಠವೂ ಗಟ್ಟಿ. ಆದರೆ ಶಾಲೆಯ ಯಾವ ಕಾರ್ಯಕ್ರಮವಿರಲಿ, ಅವಳ ಜಾಗ ಹಿಂದಿನ ಸಾಲಿನ ಕೋರಸ್ಸಿನಲ್ಲಿ, ಎತ್ತರದ ಹುಡುಗಿಯರ ಬೆನ್ನ ಹಿಂದೆ. ಉಡಚವ್ವ ಪ್ರತಿ ಸಲ ಹೋಗಿ ಕತ್ತು ಚಾಚಿ ನೋಡಿ, ಮೊಮ್ಮಗಳ ಜಡೆಯ ತುದಿಯನ್ನಷ್ಟೇ ಕಂಡು ಮರಳುತ್ತಿದ್ದಳು.

ಕನ್ನಡದ ನಾಡು ಒಂದಾಗಿ ನಾಲ್ಕು ವರ್ಷ ಆಗಿತ್ತು. ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಕಿತ್ತೂರಿನ ಕದನದ ನಾಟಕ ಎಂದು ಗೊತ್ತಾಯಿತು. ಬರೆದವರೂ ಕಲಿಸುವವರೂ ಅಂಬಾಬಾಯಿ ಅಕ್ಕೋರು. ಶಿಸ್ತಿನ ಹೆಂಗಸು, ಅವರ ಸೀರೆಯ ನಿರಿಗೆಗಳೇ ಸಾಲುಗಟ್ಟಿ ಪ್ರಾರ್ಥನೆಗೆ ನಿಂತಂತೆ ಇರುತ್ತಿದ್ದವು. ರಾಣಿಯ ಪಾತ್ರ ಇಂದು ಎಂಬ ಹುಡುಗಿಗೆ ಹೋಯಿತು, ಅವರ ಮನೆಯಲ್ಲಿ ಅಜ್ಜಿಯ ಕಾಲದ ಪೈಠಣಿ ಸೀರೆ ಇತ್ತು. ರಾಣಿಯ ಬಂಟರಾಗಲು ಅರ್ಧ ಶಾಲೆ ಕೈಯೆತ್ತಿತು. ಆದರೆ ರಾಣಿಯ ಮೇಲೆ ಏರಿಬಂದು ಗುಂಡಿಗೆ ಬೀಳುವ ಧಾರವಾಡದ ಕಲೆಕ್ಟರ್ ಸಾಹೇಬನಾಗಲು ಒಬ್ಬಳೂ ಇಲ್ಲ. ಹೆಣ್ಣು ಹುಡುಗಿ ಪಾಟ್ಲೂನು ಹಾಕುವುದು ಒಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಸಾಹೇಬ ಸಾಯಬೇಕು. ತಾಯಂದಿರು ಒಬ್ಬೊಬ್ಬರಾಗಿ ಶಾಲೆಗೆ ಬಂದು, ದೀಪಾವಳಿಯ ಎಣ್ಣೆ ಹಚ್ಚಿದ ಮೈ ಇನ್ನೂ ಆರಿಲ್ಲ, ನಮ್ಮ ಮಗಳನ್ನು ಹೆಣ ಮಾಡಿ ಮಲಗಿಸಬೇಡಿರೆಂದು ಕೈಮುಗಿದು ಹೋದರು. ಆಗ ಕೋರಸ್ಸಿನ ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು. ಅದು ಮುತ್ತಿಯದು.

ಸುದ್ದಿ ಕೇಳಿ ಉಡಚವ್ವ ಸೂಜಿ ಕೆಳಗಿಟ್ಟಳು. ಸಾಹೇಬನಿಗೆ ಮಾತುಗಳು ಇವೆಯೋ ಇಲ್ಲವೋ ಎಂದು ಕೇಳಿದಳು. ಬೇಕಾದಷ್ಟಿವೆ, ಅದೂ ಅಕ್ಕೋರ ತೋಳುಕುರ್ಚಿಯ ಮೇಲೆ ಕೂತು ಆಡುವುದು ಎಂದಳು ಮುತ್ತಿ. ಕುರ್ಚಿ ಎಂದ ಕೂಡಲೇ ಉಡಚವ್ವನ ಮುಖ ಅರಳಿತು. ಪಕ್ಕದ ಮನೆಯ ಚನ್ನಬಸವ್ವ ಮಾತ್ರ ಗೋಡೆಯ ಮೇಲಿಂದ ಇಣುಕಿ, ತಿಳಿದೂ ತಿಳಿದೂ ಕೂಸನ್ನು ಸಾವಿನ ಬಾಯಿಗೆ ಇಡುತ್ತೀಯಲ್ಲ ಎಂದು ಬುದ್ಧಿ ಹೇಳಿದಳು.

‘ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚತೈತಿ ಅಂತಾರ,’ ಎಂದಳು ಉಡಚವ್ವ. ‘ನಮ್ಮ ಮುತ್ತಿ ಮಂದಿ ಮುಂದನಽ ಸತ್ತು ತೋರಿಸ್ತಾಳ. ಆಕಿ ನೂರು ವರ್ಷ ಬಾಳೂದು ಗ್ಯಾರಂಟಿ.’

ಆದರೆ ಅಕ್ಕೋರದೊಂದು ಕರಾರಿತ್ತು. ಅವರ ಪುಸ್ತಕದ ಚಿತ್ರದಲ್ಲಿ ಸಾಹೇಬನದು ಕೆಂಪು ಕೋಟು, ಅಂಚಿಗೆ ಜರಿ. ನಿಜವಾದ ಸಾಹೇಬ ಅಂದು ಕೆಂಪು ತೊಟ್ಟಿದ್ದನೋ ಕಪ್ಪು ತೊಟ್ಟಿದ್ದನೋ ಯಾರು ಕಂಡಿದ್ದರು? ಪುಸ್ತಕದಲ್ಲಿ ಕೆಂಪಿತ್ತು, ಕೆಂಪೇ ಆಗಬೇಕು. ವೇಷ ಅವರವರ ಮನೆಯಿಂದ ತರುವುದು ರೂಢಿ. ಶನಿವಾರದ ವೇಷದ ತಾಲೀಮಿಗೆ ಕೋಟು ಬರದಿದ್ದರೆ ಸಾಹೇಬನನ್ನು ರಂಗದ ಮೇಲೆ ತರುವುದೇ ಬೇಡ, ಅವನ ಮಾತುಗಳನ್ನು ಪರದೆಯ ಹಿಂದಿನಿಂದ ತಾನೇ ಓದಿಬಿಡುತ್ತೇನೆ ಎಂದಿದ್ದರು. ಕೋಟಿಲ್ಲದಿದ್ದರೆ ಸಾಹೇಬನಿಲ್ಲ, ಸಾಹೇಬನಿಲ್ಲದಿದ್ದರೆ ಮುತ್ತಿ ಮತ್ತೆ ಕೋರಸ್ಸಿನ ಹಿಂದಿನ ಸಾಲಿಗೆ.

ಉಡಚವ್ವ ಪೇಟೆಗೆ ಹೋಗಿ ಟೇಲರ್ ಮಕಬೂಲಸಾಬನನ್ನು ಕಂಡಳು. ಅವನಂಗಡಿಯ ಚಿಂದಿಯೆಲ್ಲ ಇವಳ ಗಂಟಿಗೇ ಬರುತ್ತಿದ್ದುದರಿಂದ ಇಬ್ಬರದೂ ಹಳೆಯ ಸಲಿಗೆ. ಅವನು ತಮ್ಮ ಶಾಬುದ್ದೀನನ ಕೋಟು ಇಳಿಸಿ ತೋರಿಸಿದ. ಶಾಬುದ್ದೀನ ಮದುವೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಕೋಟು ಕೆಂಪಗೆ ಧಗಧಗ ಇತ್ತು ನಿಜ. ಆದರೆ ಮುತ್ತಿ ಅದನ್ನು ತೊಟ್ಟರೆ ಪಾದ ಕಾಣುತ್ತಿರಲಿಲ್ಲ, ಬೆನ್ನ ಮೇಲೆ ಬ್ಯಾಂಡ್ ಕಂಪನಿಯ ಹೆಸರು ಬೇರೆ ಇಷ್ಟಗಲ ಕಸೂತಿ ಹಾಕಿತ್ತು. ಯುದ್ಧಕ್ಕೆ ಬಂದ ಸಾಹೇಬ ಬೆನ್ನು ತಿರುಗಿಸಿದರೆ ಜನ ಲಗ್ನ ಯಾರದೆಂದು ಕೇಳಿಯಾರು ಎಂದು ಉಡಚವ್ವ ಅದನ್ನು ಮಡಿಚಿ ಮರಳಿ ಕೊಟ್ಟಳು.

ಮರುದಿನ ಒಂದು ಬಿಳಿ ಧೋತರವನ್ನು ಬಣ್ಣದ ನೀರಲ್ಲಿ ಕುದಿಸಿ ನೋಡಿದಳು. ಹಂಡೆಯಲ್ಲಿ ರಕ್ತದಂತೆ ಕಂಡ ಬಣ್ಣ ಬಿಸಿಲಿಗೆ ಹಾಕಿದ ಮೇಲೆ ಗುಲಾಬಿಯಾಗಿ, ಬಾಣಂತಿಯ ಕೂಸಿನ ಕುಲಾವಿಯಂತೆ ಆಯಿತು. ಆ ಬಣ್ಣದ ಕೋಟು ತೊಟ್ಟ ಸಾಹೇಬನನ್ನು ಕೊಲ್ಲಲು ಕಿತ್ತೂರಿನವರಿಗೂ ಮನಸ್ಸು ಬರುತ್ತಿರಲಿಲ್ಲ, ಎತ್ತಿ ಆಡಿಸುತ್ತಿದ್ದರು.

ಮುತ್ತಿ ಶಾಲೆಯಿಂದ ಬಂದು ತಂತಿಯ ಮೇಲಿನ ಧೋತರ ನೋಡಿದಳು. ಪಾತ್ರ ಸಿಕ್ಕ ದಿನದಿಂದ ಅವಳು ದಿನವೂ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ‘ಏ ರಾಣಿ, ಖಜಾನೆಯ ಕೀಲಿಕೈ ಇಲ್ಲಿ ಇಡು’ ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದಳು. ಅಂದು ಬುಟ್ಟಿ ಗೋಡೆಗೆ ಒರಗಿಕೊಂಡೇ ಇತ್ತು. ಹುಡುಗಿ ಕೂಗಿದ್ದರೆ, ಅತ್ತಿದ್ದರೆ, ಉಡಚವ್ವ ಬೈದು ಸಮಾಧಾನ ಮಾಡುತ್ತಿದ್ದಳು. ಸುಮ್ಮನೆ ಪಾಟಿಯ ಮೇಲೆ ಲೆಕ್ಕ ಮಾಡುತ್ತ ಕೂತದ್ದನ್ನು ನೋಡಿ ತಂತಿಯ ಮೇಲಿನ ಧೋತರವನ್ನು ಎಳೆದು ಮಡಿಚಿಟ್ಟಳು.

ಆಕೆ ಒಳಗೆ ಹೋಗಿ ತನ್ನ ಕೌದಿಯನ್ನು ಹೊರತಂದು ಅಂಗಳದ ಬಿಸಿಲಿನಲ್ಲಿ ಹಾಸಿದಳು. ಚಳಿ ಆಗಲೇ ಊರೊಳಗೆ ಕಾಲಿಟ್ಟಿತ್ತು. ಬೇರೆ ಯಾರಾದರೂ ಆ ದಿನಗಳಲ್ಲಿ ಹೊದಿಕೆ ಬಿಚ್ಚಲು ಕೂತಿದ್ದರೆ ಆಕೆಯೇ ಹುಚ್ಚು ಹಿಡಿದಿದೆ ಎನ್ನುತ್ತಿದ್ದಳು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತತೊಡಗಿದಳು. ಮುತ್ತಿ ಪಾಟಿ ಬಿಟ್ಟು ಓಡಿಬಂದು ಆಕೆಯ ಕೈ ಹಿಡಿದಳು.

‘ಬ್ಯಾಡ ಆಯಿ. ಅದು ಅಜ್ಜಂದು.’

‘ಅಜ್ಜಂದಽ ಐತಿ,’ ಎಂದಳು ಉಡಚವ್ವ. ‘ನಿನಗ ಮಂದೀದು ಯಾಕ ಬೇಕು?’

ಮೂಲೆ ಬಿಚ್ಚಿದಾಗ ಅಂದಿನ ಒಣರೊಟ್ಟಿ ಬರಿಯ ಪುಡಿಯಾಗಿ ಕೈಗೆ ಬಂತು. ಅದನ್ನು ಊದಿ ಹಾರಿಸಿ, ನಡುವಿನ ಪದರನ್ನು ಎತ್ತಿದರೆ, ಒಳಗೆ ಬೆಳಕು ಕಾಣದೆ ಮಲಗಿದ್ದ ಬನಾತು ಗಿರಿಯಪ್ಪ ತೊಟ್ಟಾಗಿನಷ್ಟೇ ಕೆಂಪಗಿತ್ತು. ಹಿತ್ತಾಳೆಯ ಬಿಲ್ಲೆ ಕೂತಿದ್ದ ಕಡೆ ಮಾತ್ರ ಒಂದು ದುಂಡನೆಯ ಗುರುತು. ಉಡಚವ್ವ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತಳು. ಗಂಡನ ಹೆಸರನ್ನು ಅವನು ಇದ್ದಾಗಲೂ ಆಕೆ ಹೇಳಿದವಳಲ್ಲ, ಹೋದಮೇಲೂ ಹೇಳಿದವಳಲ್ಲ. ಹೇಳುವವಳಾಗಿದ್ದರೆ ಈ ಹೊತ್ತು ಹೇಳುತ್ತಿದ್ದಳೋ ಏನೋ.

ಕೋಟು ಕತ್ತರಿಸುವುದು ಕೌದಿ ಹೊಲಿಯುವವರ ವಿದ್ಯೆಯಲ್ಲ. ಮಕಬೂಲಸಾಬ ಮುತ್ತಿಯ ಅಳತೆ ಹಿಡಿದು, ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಆಡಿಸಿ ಕೊಟ್ಟ. ಮಶಿನ್ನಿನ ಮೇಲೆ ಓಡಿಸಿದರೆ ಚಾ ಕುಡಿಯುವುದರೊಳಗೆ ಮುಗಿದೀತು ಎಂದ. ಉಡಚವ್ವ ಒಪ್ಪಲಿಲ್ಲ, ತುಂಡುಗಳನ್ನು ಕಟ್ಟಿಕೊಂಡು ಮನೆಗೆ ಬಂದಳು. ಆದರೆ ಜೀವಮಾನವೆಲ್ಲ ಪದರಿನ ಮೇಲೆ ಪದರು ಹೊಲಿದ ಕೈಗೆ ಒಂದೇ ಪದರು ಹೊಲಿಯುವುದೆಂದರೆ ಬರಿಗೈಲಿ ಬೀಗರ ಮನೆಗೆ ಹೋದಂತೆ. ಒಳಗೆ ಆ ಗುಲಾಬಿ ಧೋತರ ಕೊಟ್ಟಳು, ಅದಕ್ಕೂ ಒಳಗೆ ಇನ್ನೊಂದು ಹಳೆಯ ಸೀರೆ ಕೊಟ್ಟಳು, ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದು ಬಿಗಿದಳು. ಆದದ್ದು ತೋಳು ಬಂದ ಕೌದಿ. ತೋರಿಸಲು ಒಯ್ದಾಗ ಮಕಬೂಲಸಾಬ ಅದನ್ನು ಅಂಗಡಿಯ ಹಲಗೆಯ ಮೇಲಿಟ್ಟ. ಕೋಟು ತನ್ನಷ್ಟಕ್ಕೆ ನಿಂತುಕೊಂಡಿತು.

‘ಉಡಚವ್ವಾ, ಇದಕ್ಕ ಒಳಗ ಮನಶಾ ಬೇಕಽ ಇಲ್ಲ,’ ಎಂದ ಅವನು. ‘ಮತ್ತ ಗುಂಡು ಹೊಡದ್ರ ಒಳಗ ಹೋಗೂದಿಲ್ಲ ನೋಡು. ನಿನ್ನ ಸಾಹೇಬ ಹೆಂಗ ಸಾಯ್ತಾನ?’

ಶನಿವಾರದ ತಾಲೀಮಿಗೆ ಮುತ್ತಿ ಆ ಕೋಟು, ಅಪ್ಪನ ಖಾಕಿ ಪಾಟ್ಲೂನನ್ನು ಮೊಟಕು ಮಾಡಿ ಹೊಲಿದ ಪಾಟ್ಲೂನು, ಬಿದಿರಿನ ಬುಟ್ಟಿಗೆ ಬಿಳಿ ಅರಿವೆ ಸುತ್ತಿದ ಟೊಪ್ಪಿಗೆ ಹಾಕಿಕೊಂಡು ನಿಂತಳು. ಅಂಬಾಬಾಯಿ ಅಕ್ಕೋರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಸ್ವಲ್ಪ ದಪ್ಪವಾಯಿತು, ಆದರೆ ಕೆಂಪೆಂದರೆ ಕೆಂಪು ಎಂದರು. ತಮ್ಮ ಹಳೆಯ ಸೀರೆಯ ಜರಿಯಂಚನ್ನು ತಾವೇ ಬಿಚ್ಚಿ ತಂದು ಅಂಚಿಗೆ ಹಚ್ಚಲು ಕೊಟ್ಟರು. ಕೆಳಗಿನ ಮಡಿಕೆಯಲ್ಲಿ ಒಂದು ಮೂಲೆ ಹೊಲಿಯದೆ ಬಾಯಿ ತೆರೆದದ್ದು ಅವರ ಕಣ್ಣಿಗೆ ಬಿತ್ತು. ನಾಟಕದ ದಿನ ಮುಚ್ಚುತ್ತೇನೆ ಎಂದಳು ಜೊತೆಗೆ ಬಂದಿದ್ದ ಉಡಚವ್ವ. ಮರೆಯಬೇಡ ಎಂದು ಅಕ್ಕೋರು ಹೇಳಿದರು. ಪಾಪ, ಆಕೆ ಮರೆತಿದ್ದರೇ ನೆಟ್ಟಗಿರುತ್ತಿತ್ತು.

ನಾಟಕದ ದಿನ ಬೆಳಿಗ್ಗೆ ಉಡಚವ್ವ ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿ ಹೋಳಿಗೆ ಮಾಡಿದಳು. ಕೌದಿಗಾದರೆ ಉಗುರಿನಷ್ಟು ಚೂರು ಸಾಕಾಗುತ್ತದೆ. ಅಂದು ಆಕೆ ಮುರಿದದ್ದು ಅರ್ಧ ಹೋಳಿಗೆ. ಅದರ ಮೇಲೆ ತುಪ್ಪ ಸುರಿದು, ಮಡಿಚಿ, ಕೋಟಿನ ಮೂಲೆಯೊಳಗೆ ತುರುಕಿದಳು. ಇದು ಕೌದಿಯಲ್ಲ ಆಯಿ, ಕೋಟು ಎಂದು ಮುತ್ತಿ ನೆನಪು ಮಾಡಿದಳು. ಹೊಲಿದವಳು ತಾನೇ ಹೌದೋ ಅಲ್ಲವೋ ಎಂದು ಕೇಳಿ ಉಡಚವ್ವ ಬಾಯಿ ಮುಚ್ಚಿ ಗಂಟು ಹಾಕಿದಳು. ಆಮೇಲೆ ಕೋಟನ್ನು ಗಿರಿಯಪ್ಪನ ಹಳೆಯ ಗೂಟಕ್ಕೆ ತೂಗುಹಾಕಿ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಳು. ಮಣ್ಣಿನ ಗೋಡೆ, ಬೆಲ್ಲದ ವಾಸನೆ. ಗೋಡೆಯೊಳಗಿನ ಕೆಂಪಿರುವೆಗಳಿಗೆ ಆ ಮಧ್ಯಾಹ್ನ ನಿಜವಾದ ರಾಜ್ಯೋತ್ಸವ.

ಇಳಿಹೊತ್ತಿಗೆ ಶಾಲೆಯ ಅಂಗಳ ತುಂಬಿತ್ತು. ಮುಂದೆ ಕುರ್ಚಿಗಳಲ್ಲಿ ದೊಡ್ಡವರು, ಜಮಖಾನೆಯ ಮೇಲೆ ಮಕ್ಕಳು. ಮಕಬೂಲಸಾಬ, ಶಾಬುದ್ದೀನ, ಚನ್ನಬಸವ್ವ ಎಲ್ಲರೂ ಬಂದಿದ್ದರು. ಉಡಚವ್ವ ಹಿಂದೆ ಬೇವಿನ ಗಿಡದ ಹತ್ತಿರ ನಿಂತಳು. ಪರದೆ ಸರಿಯಿತು. ನಟ್ಟನಡುವೆ ಅಕ್ಕೋರ ತೋಳುಕುರ್ಚಿ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿದ ಕೆಂಪು ಕೋಟು.

ಮುತ್ತಿಯ ಮುಖ ಬುಟ್ಟಿ ಟೊಪ್ಪಿಗೆಯ ನೆರಳಿನಲ್ಲಿತ್ತು. ಉಡಚವ್ವನಿಗೆ ಕಂಡದ್ದು ಕೋಟು ಮಾತ್ರ. ವರ್ಷಗಟ್ಟಲೆ ಆ ಕೋಟನ್ನು ಆಕೆ ಗೂಟದ ಮೇಲೆ ನೋಡಿದ್ದಳು, ನಿಂತ ಗಂಡನ ಮೈಮೇಲೆ ನೋಡಿದ್ದಳು. ಕೂತದ್ದನ್ನು ನೋಡಿರಲಿಲ್ಲ. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದಳು. ‘ಏ ರಾಣಿ, ಖಜಾನೆಯ ಕೀಲಿಕೈ ಇಲ್ಲಿ ಇಡು!’ ಎಂದು ಮುತ್ತಿ ಗದರಿದಾಗ ಮುಂದಿನ ಸಾಲಿನ ಒಂದು ಕೂಸು ಹೆದರಿ ಅತ್ತಿತು. ಉಡಚವ್ವನಿಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಕದನ ನಡೆಯಿತು. ದೀಪಾವಳಿಯಲ್ಲಿ ಉಳಿದ ಪಟಾಕಿಯೊಂದನ್ನು ಪರದೆಯ ಹಿಂದೆ ಹಚ್ಚಿದರು, ಢಮ್ ಎಂದಿತು, ಸಾಹೇಬ ಎದೆ ಹಿಡಿದು, ಒಂದು ಸುತ್ತು ತಿರುಗಿ, ಮರ ಬಿದ್ದಂತೆ ಬಿದ್ದ. ಚಪ್ಪಾಳೆ ಬಿತ್ತು. ಈಗ ರಾಣಿಯ ಭಾಷಣ. ಅಂಬಾಬಾಯಿ ಅಕ್ಕೋರು ತಮ್ಮ ದೇಶಪ್ರೇಮವನ್ನೆಲ್ಲ ಆ ಭಾಷಣದಲ್ಲಿ ಸುರಿದಿದ್ದರು. ಅದು ಮುಗಿಯುವವರೆಗೆ ಸಾಹೇಬ ಹೆಣವಾಗಿ ಬಿದ್ದಿರಬೇಕು. ರಾಣಿಯಾದ ಇಂದು ಕೈಯೆತ್ತಿ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಹೆಣದ ಎಡಗಾಲು ಮಿಸುಕಿತು. ಆಮೇಲೆ ಬಲಗೈ ಮೆಲ್ಲಗೆ ಹೊಟ್ಟೆಯ ಕಡೆ ಹರಿಯಿತು. ಆಮೇಲೆ ಕೋಟಿನ ಕೆಳಗೆ ಹೋಗಿ ಕೆರೆಯಿತು. ಕೈ ಕೋಟಿನ ಮೂಲೆಗೆ ಹೋದದ್ದನ್ನು ಕಂಡ ಕ್ಷಣವೇ ಉಡಚವ್ವನಿಗೆ ಎಲ್ಲ ತಿಳಿಯಿತು.

ಮುತ್ತಿ ಹಲ್ಲು ಕಚ್ಚಿ ತಡೆದಳು. ತಡೆಯುವಷ್ಟು ತಡೆದಳು. ಆಮೇಲೆ ಸತ್ತ ಸಾಹೇಬ ಚಂಗನೆ ಎದ್ದು ನಿಂತು, ಎರಡೂ ಕೈಯಿಂದ ಬೆನ್ನು ಹೊಟ್ಟೆ ಕೆರೆದುಕೊಳ್ಳುತ್ತ ರಂಗದ ತುಂಬ ಕುಣಿದ. ರಾಣಿ ಭಾಷಣ ಮರೆತು ಬಾಯಿ ತೆರೆದು ನಿಂತಳು. ಆದರೂ ರಾಣಿ ರಾಣಿಯೇ. ಕಡೆಗೆ ಕತ್ತಿ ಎತ್ತಿ ತೋರಿಸಿ, ಪುಸ್ತಕದ ಮಾತು ಬಿಟ್ಟು ಮನೆಯ ಮಾತಿಗೆ ಬಂದಳು.

‘ಇಂವಾ ಇನ್ನೂ ಸತ್ತಿಲ್ಲ. ಇನ್ನೊಮ್ಮೆ ಹೊಡೀರಿ.’

ಪಟಾಕಿ ಮುಗಿದಿತ್ತು. ಬಂಟನಾಗಿದ್ದ ಹುಡುಗಿ ಕಟ್ಟಿಗೆಯ ಬಂದೂಕು ಎತ್ತಿ ಬಾಯಿಂದಲೇ ಢಂ ಎಂದಳು. ಮುತ್ತಿ ಕೂಡಲೇ ಬೀಳಲಿಲ್ಲ. ತಡೆಯಿರಿ ಎಂಬಂತೆ ಕೈ ತೋರಿಸಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕುರ್ಚಿಯ ಬೆನ್ನಿಗೆ ನೀಟಾಗಿ ತೂಗುಹಾಕಿ, ರಾಣಿಗೊಂದು ಸಲಾಮು ಹೊಡೆದು, ಒಳಗಿನ ಬಿಳಿ ಅಂಗಿಯಲ್ಲಿ ಎರಡನೆಯ ಸಲ ಸತ್ತಳು. ಆಗ ಎದ್ದ ನಗು ಚಪ್ಪಾಳೆಗೆ ಬೇವಿನ ಗಿಡದ ಕಾಗೆಗಳೆಲ್ಲ ಹಾರಿಹೋದವು. ಆ ಕೋಟಿನೊಳಗೆ ಗುಂಡು ಹೋಗುವುದಿಲ್ಲವೆಂದು ತಾನು ಮೊದಲೇ ಹೇಳಿದ್ದೆ ಎಂದು ಮಕಬೂಲಸಾಬ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದ.

ಉಡಚವ್ವನಿಗೆ ಮಾತ್ರ ನಗು ಬರಲಿಲ್ಲ. ಹುಡುಗಿಯನ್ನು ನಾಲ್ಕು ಜನ ಕಣ್ಣು ತುಂಬ ನೋಡಲೆಂದು ಗಂಡನ ಕೋಟು ಬಿಚ್ಚಿದವಳು, ಅದೇ ಹುಡುಗಿಯನ್ನು ತನ್ನ ಕೈಯಾರೆ ನಗೆಪಾಟಲು ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಸತ್ತಂತಾಗಿತ್ತು. ರಂಗದ ಹಿಂದೆ ಹೋದಳು. ಅಂಬಾಬಾಯಿ ಅಕ್ಕೋರು ಕೋಟನ್ನು ಕೊಡವುತ್ತ ನಿಂತಿದ್ದರು. ಮೂಲೆಯಲ್ಲಿ ತುಪ್ಪದ ಕಲೆ, ಕೆಂಪಿನ ಮೇಲೆ ಕೆಂಪಿರುವೆಗಳ ಸಾಲು. ಅವರ ಮುಖವೂ ಕೆಂಪಗಿತ್ತು.

‘ಉಡಚವ್ವಾ, ಇದರಾಗ ಹೋಳಿಗಿ ಯಾರು ಇಟ್ಟಾರ?’

‘ನಾನಽ ಇಟ್ಟೇನ್ರಿ,’ ಎಂದಳು ಉಡಚವ್ವ. ಅಷ್ಟಕ್ಕೆ ನಿಲ್ಲಿಸಬೇಕೆಂದಿದ್ದಳು, ಬಾಯಿ ನಿಲ್ಲಲಿಲ್ಲ. ‘ಇದು ನಮ್ಮ ಮನಿಯವರ ಕೋಟ್ರಿ ಅಕ್ಕೋರ. ಸಾಹೇಬರು ಒಳಗ ಉಣ್ಣಾಕ ಕುಂತ್ರ, ಇದು ಬಾಗಲದಾಗ ಹಸಗೊಂಡು ನಿಂದರತಿತ್ರಿ. ಇವತ್ತ ಇದಽ ಸಾಹೇಬ ಆಗಿ ಕುರ್ಚಿ ಮ್ಯಾಲ ಕುಂಡ್ರಾಕ ಹೊಂಟಿತ್ತು. ಇವತ್ತೂ ಉಪಾಸ ಕಳಸಾಕ ನನಗ ಮನಸ್ಸು ಬರಲಿಲ್ರಿ.’

ಅಕ್ಕೋರು ಕೊಡವುವುದನ್ನು ನಿಲ್ಲಿಸಿದರು. ಕೋಟನ್ನು ತಿರುಗಿಸಿ, ಎದೆಯ ಮೇಲಿನ ದುಂಡು ಗುರುತನ್ನು ನೋಡಿದರು. ಹೊರಗೆ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಆಮೇಲೆ ಅವರು ಕೋಟನ್ನು ತಮ್ಮ ಮೊಣಕೈ ಮೇಲೆ ಹಾಕಿಕೊಂಡರು, ಇರುವೆ ಹತ್ತಿದರೆ ಹತ್ತಲಿ ಎನ್ನುವಂತೆ.

‘ಉಣಿಸೂದೇನೋ ಉಣಿಸಿದಿ,’ ಎಂದರು, ‘ಬಾಯಿ ಒರಸೂದು ಮರತಿ ನೋಡು.’

ಅಷ್ಟರಲ್ಲಿ ಮುತ್ತಿ ಓಡಿಬಂದಳು. ಕುತ್ತಿಗೆ, ಕೈ ಎಲ್ಲ ದದ್ದು ಎದ್ದಿದ್ದವು, ಮುಖ ಮಾತ್ರ ದೀಪ ಹಚ್ಚಿದಂತಿತ್ತು. ಅಜ್ಜಿ ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ ಅವಳು, ಎಲ್ಲರೂ ತನ್ನನ್ನೇ ನೋಡಿದರು ಆಯಿ, ರಾಣಿಯನ್ನು ಯಾರೂ ನೋಡಲೇ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೆರೆದುಕೊಳ್ಳುತ್ತಲೇ ಮತ್ತೆ ಹೊರಗೆ ಓಡಿದಳು. ಚನ್ನಬಸವ್ವ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದಳು: ಒಂದು ಸಲ ಸತ್ತರೆ ನೂರು ವರ್ಷ, ಎರಡು ಸಲ ಸತ್ತವಳಿಗೆ ಎಷ್ಟು? ಆ ಹೊತ್ತಿಗೆ ಉಡಚವ್ವನಿಗೂ ನಗು ಬಂತು. ಬಂದ ನಗು ಮನೆ ಮುಟ್ಟುವವರೆಗೆ ನಿಲ್ಲಲಿಲ್ಲ.

ಮರುದಿನ ಶಾಲೆಗೆ ಫೋಟೋ ತೆಗೆಯುವವರು ಬಂದರು. ಕೋಟನ್ನು ಬಿಸಿಲಿಗೆ ಹಾಕಿ ಇರುವೆ ಓಡಿಸಿದ್ದರು. ಇಂಥ ಫೋಟೋದಲ್ಲಿ ರಾಣಿ ಕುರ್ಚಿಯಲ್ಲಿ, ಉಳಿದವರು ಹಿಂದೆ ನಿಲ್ಲುವುದು. ಮುತ್ತಿ ತನ್ನ ಕೆಂಪು ಕೋಟಿನಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ನಿಂತಳು. ಅಂಬಾಬಾಯಿ ಅಕ್ಕೋರು ಅವಳನ್ನು ಕರೆದು, ಸಾಹೇಬನಿಗೂ ಒಂದು ಕುರ್ಚಿ ತರಲು ಹೇಳಿದರು. ತೋಳುಕುರ್ಚಿಯೇ ಬಂತು.

ಕೋಟು ಮತ್ತೆ ಬಿಚ್ಚಿ ಕೌದಿಯ ನಡುವಿಗೆ ಸೇರಿತು. ಕತ್ತರಿಸಿ ಹೊಲಿದದ್ದರಿಂದ ಮೊದಲಿನಷ್ಟು ಅಗಲ ಉಳಿಯಲಿಲ್ಲ, ಜರಿಯಂಚನ್ನು ಮಾತ್ರ ಮುತ್ತಿ ಬಿಚ್ಚಗೊಡಲಿಲ್ಲ. ಫೋಟೋಕ್ಕೆ ಚೌಕಟ್ಟು ಹಾಕಿಸಿ ಹನುಮಪ್ಪ ಹುಬ್ಬಳ್ಳಿಯಿಂದ ತಂದು ಗೂಟದ ಪಕ್ಕದಲ್ಲೇ ಗೋಡೆಗೆ ಹಾಕಿದ. ಕೌದಿ ಹೊಲಿದುಕೊಡಲು ಹೇಳಬಂದವರು ಅದನ್ನು ನೋಡಿ, ಈ ಟೊಪ್ಪಿಗೆಯವಳು ನಿನ್ನ ಮೊಮ್ಮಗಳೇನು ಎಂದು ಕೇಳುತ್ತಿದ್ದರು. ಉಡಚವ್ವ ಹೌದೆನ್ನುತ್ತಿದ್ದಳು. ಆದರೆ ಆಕೆಯ ಬೆರಳು ಟೊಪ್ಪಿಗೆಯ ಮೇಲೆ ನಿಲ್ಲದೆ ಕೆಳಗಿಳಿದು, ಕಪ್ಪು ಬಿಳುಪಿನ ಫೋಟೋದಲ್ಲಿ ಕಪ್ಪಗೆ ಬಂದ ಆ ಕೋಟಿನ ಮೇಲೆ ನಿಲ್ಲುತ್ತಿತ್ತು.

‘ಇವ್ರು ನಮ್ಮ ಮನಿಯವ್ರು,’ ಎನ್ನುವಳು. ‘ಉಂಡು ಕುಂತಾರ ನೋಡ್ರಿ.’